ವಿಮಾನದ ಅಂಟು, ಸೊರೆಂಟೊ ಮೇಜು

ಹಳೆಯ ಮೇಜಿನ ಡ್ರಾಯರ್ ಎಳೆದು, ಅದರೊಳಗೆ ಮೂಗು ತೂರಿಸಿ ಮೂಸುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಿಯಾಟಲ್‌ನ ದಕ್ಷಿಣದ ಒಂದು ಹರಾಜು ಮಳಿಗೆಯಲ್ಲಿ ನಾನು ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದೆ. ಹಿರಿಯರು ತೀರಿಕೊಂಡ ಮೇಲೆ ಅವರ ಸಾಮಾನನ್ನು ಏನು ಮಾಡುವುದೆಂದು ತಿಳಿಯದ ಮಕ್ಕಳು ನಮ್ಮಲ್ಲಿಗೆ ತಂದು ಒಪ್ಪಿಸುತ್ತಿದ್ದರು. ಬಂದ ವಸ್ತುವಿಗೆಲ್ಲ ಒಂದೊಂದು ಚೀಟಿ ಬರೆದು ಕಟ್ಟುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇತಿಹಾಸ ಓದಿದ್ದೆ ಎಂಬ ಒಂದೇ ಕಾರಣಕ್ಕೆ ಮಾಲೀಕ ನನಗೆ ಆ ಕೆಲಸ ಕೊಟ್ಟಿದ್ದ. ಹರಾಜಿನ ಹಿಂದಿನ ದಿನ ಜನ ಬಂದು ಸಾಮಾನು ನೋಡಿಕೊಂಡು ಹೋಗುವ ಪದ್ಧತಿ. ಅಂಥ ಒಂದು ಬೆಳಿಗ್ಗೆ, ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಬೂದು ಬಣ್ಣದ ಮಳೆಕೋಟನ್ನೂ ತೆಗೆಯದೆ ನೆಲಕ್ಕೆ ಮಂಡಿಯೂರಿ, ಒಂದು ಹೊಲಿಗೆ ಮೇಜಿನ ಡ್ರಾಯರ್ ಮೂಸುತ್ತಿದ್ದರು. ಆಮೇಲೆ ಕೋಟಿನ ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಮೇಜಿನ ಹೊಟ್ಟೆಯ ಕೆಳಗೆ ಬೆಳಕು ಬಿಟ್ಟರು. ಕೊನೆಗೆ ನಾನು ಕಟ್ಟಿದ್ದ ಚೀಟಿ ತಿರುಗಿಸಿ ಓದಿ, ಆ ಮೇಜನ್ನೇ ಕೇಳಿದರು:

"ಅಯ್ಯೋ ನಿನ್ನ, ಯಾರಪ್ಪ ನಿನ್ನನ್ನ ಫ್ಲಾರೆನ್ಸಿಗೆ ಸೇರಿಸಿದ್ದು?"

ಕೇಳಿದ್ದು ಅಚ್ಚ ಮೈಸೂರು ಕನ್ನಡದಲ್ಲಿ. ಸೇರಿಸಿದವಳು ನಾನೇ. ಹೋಗಿ ಒಪ್ಪಿಕೊಂಡೆ.

"ನಾನೇ ಆಂಟಿ. ತಪ್ಪಾಯ್ತಾ?"

ಅವರು ತಲೆಯೆತ್ತಿ ನೋಡಿದರು. ಈ ಊರಿನಲ್ಲಿ ಕನ್ನಡ ಕೇಳಿದ್ದಕ್ಕೆ ಆಶ್ಚರ್ಯವನ್ನೇನೂ ತೋರಿಸಲಿಲ್ಲ. "ಆಂಟಿ ಅಂದ್ರೆ ನಾನು ಓಗೊಡಲ್ಲ. ಅಕ್ಕ ಅನ್ನು. ಬಾ, ಕೂತ್ಕೋ ಇಲ್ಲಿ. ಕೈ ಕೊಡು."

ನನ್ನ ತೋರುಬೆರಳನ್ನು ಹಿಡಿದು ಮೇಜಿನ ಮೇಲೆ ಕೂರಿಸಿದ್ದ ಚಿತ್ರದ ಮೇಲೆ ಆಡಿಸಿದರು. ಕೈಗೆ ಕೈ ಹಿಡಿದು ಕುಣಿಯುವ ಗಂಡು ಹೆಣ್ಣು, ಸುತ್ತ ಸಣ್ಣ ಸಣ್ಣ ಚೌಕಗಳ ಅಂಚು. ಬಣ್ಣ ಬಳಿದದ್ದಲ್ಲ, ಬೇರೆ ಬೇರೆ ಮರದ ತೆಳು ತುಂಡುಗಳನ್ನು ಕತ್ತರಿಸಿ ಜೋಡಿಸಿದ್ದು. "ಹಸಿರು ಗೆರೆ ಓಡಿರೋ ಈ ಹಳದಿ ಆಲಿವ್ ಮರ. ಮುಖ, ಕೈ ಎಲ್ಲ ಕಿತ್ತಳೆ ಮರ. ಆಲಿವ್ ತೋಟ, ಕಿತ್ತಳೆ ತೋಟ ಎರಡೂ ಮನೆ ಹಿಂದೇನೇ ಇರೋ ಊರು ಯಾವುದು? ಸೊರೆಂಟೊ. ನೇಪಲ್ಸ್ ಹತ್ರ, ಸಮುದ್ರದ ದಡ. ಪ್ರವಾಸಕ್ಕೆ ಬಂದೋರು ಕೊಂಡ್ಕೊಂಡು ಹೋಗ್ಲಿ ಅಂತ ಮಾಡಿದ್ದು. ಫ್ಲಾರೆನ್ಸಿನೋರು ಇಷ್ಟು ಕುಣಿಯಲ್ಲ. ಅವರು ಕರಿಮರದ ಮೇಲೆ ಬಣ್ಣದ ಕಲ್ಲನ್ನ ಕೂರಿಸಿ, ಅರಮನೆಗೆ ಕೊಟ್ಟು, ಗಂಭೀರವಾಗಿ ನಿಂತ್ಕೋತಾರೆ."

ನಾನು ಚೀಟಿ ಬದಲಾಯಿಸಿದೆ. ಮಾಲೀಕ ಮುಖ ಸಿಂಡರಿಸಿದ. ಅವರು ಮೇಜನ್ನು ಕೊಳ್ಳಲಿಲ್ಲ. ಹೋಗುವಾಗ ಒಂದು ಕಾಗದದ ಚೂರಿನ ಮೇಲೆ ಮುಕಿಲ್ಟಿಯೊದ ತಮ್ಮ ಮನೆಯ ವಿಳಾಸ ಬರೆದು ನನ್ನ ಕೈಗಿಟ್ಟು, "ಶನಿವಾರ ಬಾ. ಗೊತ್ತಿಲ್ದೆ ಚೀಟಿ ಬರೀಬಾರ್ದು," ಎಂದರು.

ಹಾಗೆ ಶುರುವಾದ ಶನಿವಾರಗಳು ಏಳು ವರ್ಷ ನಡೆದವು. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ಸ್ಮರಣಸಭೆಯಲ್ಲಿ ಮಾತಾಡಿದವರೆಲ್ಲ ವಿಮಾನ ಕಾರ್ಖಾನೆಯ ಹಳೆಯ ಸಹೋದ್ಯೋಗಿಗಳು. ಅವರು ಎಂಥ ಎಂಜಿನಿಯರ್ ಆಗಿದ್ದರು, ವಿಮಾನದ ಒಳಹಲಗೆಗಳನ್ನು ಹಿಡಿದಿಡುವ ಅಂಟಿನ ಬಗ್ಗೆ ಅವರಿಗೆಷ್ಟು ತಿಳಿದಿತ್ತು ಎಂದು ಹೇಳಿದರು. ಎಲ್ಲವೂ ನಿಜ. ಆದರೆ ನಾನು ಬಲ್ಲ ಅಕ್ಕ ಗ್ಯಾರೇಜಿನಲ್ಲಿದ್ದರು. ಆ ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ಕಂಡಿಲ್ಲ. ಕಾರು ಸದಾ ಹೊರಗೆ, ಮಳೆಯಲ್ಲಿ. ಒಳಗೆ ಉದ್ದನೆಯ ಬೆಂಚು, ಗೋಡೆಯ ತುಂಬ ಮರದ ತೆಳುಪದರಗಳ ಕಟ್ಟುಗಳು. ಒಂದು ಮೂಲೆಯಲ್ಲಿ ಮಗುವಿನ ಹಾಲಿನ ಬಾಟಲಿ ಬೆಚ್ಚಗಿಡುವ ಯಂತ್ರ. ಮದುವೆಯಾಗದ, ಒಬ್ಬರೇ ಇರುವ ಹೆಂಗಸಿನ ಮನೆಯಲ್ಲಿ ಇದೇಕೆಂದು ಮೊದಲ ದಿನ ನಾನು ದಿಟ್ಟಿಸಿ ನೋಡಿದ್ದನ್ನು ಅವರು ಗಮನಿಸಿದರು. "ಸರೇಸು ಕಾಯಿಸೋದಕ್ಕೆ ಕಣೆ. ಇದಕ್ಕಿಂತ ಒಳ್ಳೆ ಒಲೆ ಇಲ್ಲ." ಸರೇಸು ಅಂದರೆ ತೊಗಲು, ಮೂಳೆ ಬೇಯಿಸಿ ಮಾಡುವ ಹಳೆಯ ಕಾಲದ ಅಂಟು. ನೀರಿನಲ್ಲಿ ನೆನೆಹಾಕಿ ಹದವಾಗಿ ಬಿಸಿ ಮಾಡಿದರೆ ಜೇನಿನಂತೆ ಇಳಿಯುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವರ ತಂದೆ ಬೀಟೆ ಮರದ ಕೆಲಸದವರಿಗೆ ಆನೆ, ಅಂಬಾರಿ, ಬಳ್ಳಿಯ ಚಿತ್ರಗಳನ್ನು ಬರೆದುಕೊಡುತ್ತಿದ್ದರಂತೆ. ಆ ಅಂಟಿನ ವಾಸನೆಯಲ್ಲೇ ತಾನು ಲೆಕ್ಕದ ಪುಸ್ತಕ ಓದಿದ್ದು ಎನ್ನುತ್ತಿದ್ದರು.

ಯಾರಾದರೂ ಮದುವೆಯ ಮಾತೆತ್ತಿದರೆ ಅವರ ಉತ್ತರ ಸಿದ್ಧವಾಗಿತ್ತು: "ಅಂಟು ಒಣಗೋ ತನಕ ಅಲ್ಲಾಡದೆ ಕೂರ್ಬೇಕಲ್ಲ, ನನಗೆ ಆಗ್ಲಿಲ್ಲ." ಕನ್ನಡದವರ ಸಂಕ್ರಾಂತಿ ಕೂಟಗಳಲ್ಲಿ ಈ ಉತ್ತರ ಕೇಳಿ ಹಲವರು ನಕ್ಕದ್ದನ್ನು, ಕೆಲವರು ಮುಖ ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ.

ಅವರು ಪಾಠ ಹೇಳುತ್ತಿದ್ದುದು ಹೀಗೆಯೇ, ಜನ ದುರಸ್ತಿಗೆಂದು ಗ್ಯಾರೇಜಿಗೆ ತಂದದ್ದನ್ನು ಹಿಡಿದುಕೊಂಡು. ಒಂದು ದಿನ ಅಂಗೈಯಗಲದ ಪೆಟ್ಟಿಗೆ ಬಂತು, ಮೈತುಂಬ ಸಾಸಿವೆಯಷ್ಟು ಸಣ್ಣ ಮೂಳೆಯ ಚೂರುಗಳ ನಕ್ಷತ್ರ. "ಇದು ಲೊಂಬಾರ್ಡಿ, ಇಲ್ಲಾ ವೆನಿಸ್ ಕಡೇದು. ಮಠದ ಸನ್ಯಾಸಿಗಳು ಕೂತು ಮಾಡ್ತಿದ್ರು ಅಂತಾರೆ. ಮಾತಾಡದೆ ಇರೋ ವ್ರತ ಬೇರೆ. ಇನ್ನೇನು ಮಾಡ್ತಾರೆ ಪಾಪ." ಇನ್ನೊಂದು ದಿನ ಕುರ್ಚಿಯ ಬೆನ್ನು ಬಂತು, ದಂತ, ಮುತ್ತಿನ ಚಿಪ್ಪು ಎಲ್ಲ ಮೆತ್ತಿದ್ದು. "ಟ್ಯೂರಿನ್. ರಾಜನ ಊರು. ಒಡವೆ ಹಾಕ್ಕೊಂಡೇ ಅಡಿಗೆಮನೆಗೂ ಬರ್ತಾರೆ." ಜಿನೋವಾದವರ ಬಗ್ಗೆ ಅವರಿಗೆ ವಿಶೇಷ ಗೌರವ. ಆ ಊರಿನವರು ಹೂವಿನ ಚಿತ್ರ ಕತ್ತರಿಸುವ ಗೋಜಿಗೆ ಹೋಗದೆ, ಮರದ ಎಳೆಯನ್ನೇ ನಾಲ್ಕು ದಿಕ್ಕಿಗೆ ತಿರುಗಿಸಿ ಜೋಡಿಸಿ ನಾಲ್ಕೆಸಳಿನ ಹೂ ಬರಿಸುತ್ತಿದ್ದರಂತೆ. ಆದರೆ ಅವರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪೋ ನದಿ ಬಯಲಿನ ರೋಲೊ ಎಂಬ ಸಣ್ಣ ಊರು. ಕಪ್ಪಗಿನ ವಾಲ್‌ನಟ್ ಹಲಗೆಯಲ್ಲಿ ಹಣ್ಣಿನ ಗಿಡಗಳ ಬಿಳಿಚು ಮರದ ಹಕ್ಕಿ, ಬಳ್ಳಿ. "ರೈತರ ಊರು ಕಣೆ. ಹಗಲು ಹೊಲ, ಸಾಯಂಕಾಲ ಹಕ್ಕಿ. ಅವರ ಹಕ್ಕಿಗಳೆಲ್ಲ ಸ್ವಲ್ಪ ದಪ್ಪ."

ನಯವಾದ ಮಾತು ಅವರಿಗೆ ಬರುತ್ತಿರಲಿಲ್ಲ. ಮರ್ಸರ್ ಐಲ್ಯಾಂಡಿನಲ್ಲಿ ನನಗೆ ಪರಿಚಯದ ಒಂದು ಬೆಂಗಳೂರಿನ ದಂಪತಿ ಗೃಹಪ್ರವೇಶ ಮಾಡಿದರು, ಅಕ್ಕನನ್ನೂ ಕರೆದಿದ್ದರು. ಹಾಲ್‌ನಲ್ಲಿ ಹೊಸದಾಗಿ ತಂದ ಇಟಲಿಯ ಕಪಾಟು, ಮುಂಭಾಗದಲ್ಲಿ ಹೂಮಾಲೆ, ಮಧ್ಯೆ ರೋಮನ್ ಸುಂದರಿಯ ಮುಖ. ಯಜಮಾನರು ಅಕ್ಕನನ್ನು ಕೈಹಿಡಿದು ಕರೆದುಕೊಂಡು ಹೋಗಿ, "ಮಿಲಾನ್‌ದು, ಎರಡು ನೂರು ವರ್ಷ ಹಳೇದು, ನೋಡಿ ಹೇಳಿ," ಎಂದರು. ಅಕ್ಕ ನೋಡಿದರು. "ಮನೆಗೆ ಚೆನ್ನಾಗಿ ಒಪ್ಪತ್ತೆ," ಎಂದಷ್ಟೇ ಹೇಳಿ ಪಾಯಸದ ಕಡೆ ಹೊರಟರು. ಆತ ಬಿಡಲಿಲ್ಲ. "ಇಲ್ಲ, ಹೇಳ್ಲೇಬೇಕು ನೀವು. ಇಷ್ಟು ಜನ ಇದಾರೆ, ಎಲ್ರಿಗೂ ಗೊತ್ತಾಗ್ಲಿ."

ಅಕ್ಕ ನಿಟ್ಟುಸಿರು ಬಿಟ್ಟು ಟಾರ್ಚ್ ತೆಗೆದರು. "ನೋಡಪ್ಪ, ಪ್ರತಿ ಎಲೆಯ ಅಂಚಲ್ಲೂ ಒಂದೇ ಸಮ ಕಂದು ಗೆರೆ ಇದೆ. ಅದು ಲೇಸರ್ ಸುಟ್ಟ ಗುರುತು. ಕೈಯಲ್ಲಿ ಕೊಯ್ದಿದ್ರೆ ಎರಡು ಎಲೆ ಒಂದೇ ಥರ ಇರ್ತಿರ್ಲಿಲ್ಲ. ಇದು ನಿನ್ನ ಮಗಳಿಗಿಂತ ಚಿಕ್ಕದು."

ಆತನ ಮುಖ ಕೆಂಪಾಯಿತು. ಮನೆಗೆ ವಾಪಸ್ ಹೋಗುವಾಗ ಕಾರಿನಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, "ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು ಅಕ್ಕ? ಪೂಜೆ ದಿನ!"

ಅವರು ಕಿಟಕಿಯಾಚೆಯ ಸರೋವರದ ಕಡೆ ತಿರುಗಿದರು. "ಒಂದ್ಸಲ ಒಬ್ಬರು ನನಗೆ ಅಂಥ ಸುಳ್ಳು ಹೇಳಿದ್ರು," ಎಂದರು. "ಅದನ್ನ ಇನ್ನೂ ಹೊತ್ಕೊಂಡಿದೀನಿ."

ಆ ಕಥೆ ಹೊರಬಂದದ್ದು ಎಷ್ಟೋ ತಿಂಗಳ ಮೇಲೆ. ಯಾರೋ ದುರಸ್ತಿಗೆಂದು ತಂದಿಟ್ಟು ಹೋದ ಒಂದು ಸ್ಟೂಲಿನ ಕೀಲುಗಳಿಗೆಲ್ಲ ಎಪಾಕ್ಸಿ ಸುರಿದಿದ್ದರು. ಗಾಜಿನಂತೆ ಗಟ್ಟಿಯಾಗುವ, ಒಮ್ಮೆ ಕಚ್ಚಿದರೆ ಬಿಡದ ಅಂಟು. ಅಕ್ಕ ಅದನ್ನು ಉಗುರಿನಿಂದ ಕೆರೆದು, ಸ್ಟೂಲನ್ನು ಪಕ್ಕಕ್ಕಿಟ್ಟು, ನನಗೊಂದು ಲೋಟ ಕಾಫಿ ಕೊಟ್ಟು ತಾವೂ ಕೂತರು.

"ನಾನೂ ಒಂದು ಹೀಗೇ ಮಾಡಿದೀನಿ."

ಓದಲು ಬಂದ ಹೊಸದರಲ್ಲಿ, ಕೆಲಸ ಸಿಕ್ಕ ಮೇಲೂ ಕೆಲವು ಕಾಲ, ಅವರು ದಕ್ಷಿಣ ಸಿಯಾಟಲ್‌ನಲ್ಲಿ ಒಬ್ಬ ಇಟಾಲಿಯನ್ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಅಜ್ಜಿಯ ಊಟದ ಕೋಣೆಯಲ್ಲಿ ಒಂದು ದುಂಡು ಮೇಜು. ಆಕೆಯ ತಾಯಿ ಸೊರೆಂಟೊದಿಂದ ಹಡಗಿನಲ್ಲಿ ತಂದದ್ದು. ನಡುವೆ ಆರು ಜನ ಕುಣಿಯುವವರು, ಒಬ್ಬಳ ಕೈಯಲ್ಲಿ ಗೆಜ್ಜೆಯ ಹಲಗೆವಾದ್ಯ. ಪಕ್ಕದ ಹೀಟರಿನ ಕಾವಿಗೆ ಕೆಲವು ತುಂಡುಗಳು ಎದ್ದಿದ್ದವು, ಮೇಜು ಸ್ವಲ್ಪ ಅಲ್ಲಾಡುತ್ತಿತ್ತು. ಆಗಷ್ಟೇ ವಿಮಾನ ಕಾರ್ಖಾನೆಗೆ ಸೇರಿದ್ದ ಅಕ್ಕ, "ಆಕಾಶದಲ್ಲಿ ಬಿಡದ ಅಂಟು ನನಗೆ ಗೊತ್ತು, ನಿಮ್ಮ ಮೇಜೇನು ಮಹಾ," ಎಂದು ಅಂಗಡಿಯಿಂದ ಎಪಾಕ್ಸಿ ತಂದು, ಎದ್ದ ತುಂಡುಗಳನ್ನು ಅಂಟಿಸಿದರು. ಅಷ್ಟಕ್ಕೆ ಬಿಡದೆ ಹಲಗೆಯ ಅಡಿಯಲ್ಲಿದ್ದ ಎರಡು ಅಡ್ಡಪಟ್ಟಿಗಳನ್ನೂ ಭದ್ರವಾಗಿ ಅಂಟಿಸಿಬಿಟ್ಟರು.

"ಮರ ಉಸಿರಾಡತ್ತೆ ಕಣೆ. ಮಳೆಗಾಲದಲ್ಲಿ ಹಿಗ್ಗತ್ತೆ, ಹೀಟರ್ ಹಾಕಿದ್ರೆ ಕುಗ್ಗತ್ತೆ. ಹಲಗೆ ಸರಿದಾಡ್ಲಿ ಅಂತಾನೇ ಆ ಪಟ್ಟಿಗಳನ್ನ ಸಡಿಲವಾಗಿ ಬಿಟ್ಟಿದ್ರು. ನೂರು ವರ್ಷದ ಹಿಂದಿನ ಬಡಗಿಗೆ ಗೊತ್ತಿದ್ದದ್ದು ಡಿಗ್ರಿ ತಗೊಂಡ ನನಗೆ ಗೊತ್ತಿರ್ಲಿಲ್ಲ."

ಮುಂದಿನ ಚಳಿಗಾಲದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅಡುಗೆಮನೆಯಲ್ಲಿದ್ದ ಇಬ್ಬರಿಗೂ ಠಪ್ಪೆಂಬ ಸದ್ದು ಕೇಳಿಸಿತು. ಮೇಜು ಅಂಚಿನಿಂದ ಅಂಚಿಗೆ ಸೀಳಿತ್ತು, ಕುಣಿಯುವವರ ಸೊಂಟದ ನಡುವೆಯೇ. ಅಜ್ಜಿ ಬಗ್ಗಿ ನೋಡಿ, ಇವರ ಕೆನ್ನೆ ತಟ್ಟಿ, "ಏನೂ ಆಗಿಲ್ಲ ಮಗು, ಚೆನ್ನಾಗೇ ಇದೆ," ಎಂದಿದ್ದರು. ಮರುದಿನ ಕೆಲಸದಿಂದ ಬಂದಾಗ ಮೇಜಿನ ಮೇಲೆ ಕಸೂತಿಯ ಬಟ್ಟೆ ಹಾಸಿತ್ತು. ಅಲ್ಲಿರುವವರೆಗೂ ಅಕ್ಕ ಮತ್ತೆ ಆ ಚಿತ್ರವನ್ನು ನೋಡಲಿಲ್ಲ.

"ಬೈದಿದ್ರೆ ಅಳ್ತಿದ್ದೆ, ಮುಗೀತಿತ್ತು. ಆ ಬಟ್ಟೆ ನನ್ನ ಮುಖದ ಮೇಲೆ ಹಾಸಿದ ಹಾಗಿತ್ತು." ಕೆಲವೇ ತಿಂಗಳಲ್ಲಿ ಅವರು ಬೇರೆ ಮನೆ ಮಾಡಿದರು. ನಾಚಿಕೆಯಿಂದ ಆ ಬೀದಿಗೇ ಹೋಗಲಿಲ್ಲ. ಅಜ್ಜಿ ತೀರಿಕೊಂಡದ್ದು ಎಷ್ಟೋ ತಡವಾಗಿ ತಿಳಿಯಿತು. ಆಮೇಲಿನ ಪ್ರತಿ ರಜೆಯಲ್ಲೂ ಇವರು ಇಟಲಿಗೆ ಹೋದದ್ದು, ಊರೂರಿನ ಕಾರ್ಯಾಗಾರಗಳಲ್ಲಿ ಮುದುಕರ ಪಕ್ಕ ಕೂತು ಕಲಿತದ್ದು, ಎಲ್ಲದರ ಬೇರು ಆ ಭಾನುವಾರದ ಸದ್ದು.

ಇದನ್ನು ಹೇಳಿದ ದಿನವೇ ಇನ್ನೊಂದನ್ನೂ ಹೇಳಿದರು. ಅವರ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. "ನೇರ ನೋಡಿದ್ರೆ ನಿನ್ನ ಮುಖ ಇಲ್ಲ. ಓರೆಯಾಗಿ ನೋಡಿದ್ರೆ ಕಿವಿ ಕಾಣತ್ತೆ. ವಾಸಿಯಾಗಲ್ಲ ಅಂದ್ರು ಡಾಕ್ಟ್ರು. ಆ ಮೇಜು ಎಲ್ಲಿದೆಯೋ ಹುಡುಕ್ತೀಯಾ? ಇನ್ನೂ ಇದ್ರೆ."

ಹರಾಜು ಮಳಿಗೆಯ ಕೆಲಸ ಅಷ್ಟು ಕಲಿಸಿತ್ತು. ಮೂರು ವಾರದಲ್ಲಿ ಅಜ್ಜಿಯ ಮೊಮ್ಮಗಳು ಸಿಕ್ಕಳು. ಡುವಾಲ್‌ನಲ್ಲಿ ನದಿಯ ಪಕ್ಕ ಹೊಲ, ಆಡು, ಕೋಳಿ, ಹಣ್ಣಿನ ಗಿಡ. ಅರವತ್ತು ದಾಟಿದ ಗಟ್ಟಿ ಹೆಂಗಸು. ಫೋನಿನಲ್ಲಿ, "ಆ ಮೇಜಾ? ಇದೆಯಲ್ಲ, ಬನ್ನಿ," ಎಂದಳು.

ಮೇಜು ಹಿಂಬಾಗಿಲ ಪಡಸಾಲೆಯಲ್ಲಿತ್ತು. ಅದರ ಮೇಲೆ ಟೊಮೇಟೊ ಸಸಿಯ ತಟ್ಟೆಗಳು, ಒಂದು ಜೊತೆ ಕೈಗವಸು. ಅವಳು ಎಲ್ಲ ಎತ್ತಿ ಕೆಳಗಿಟ್ಟಳು. ಅಕ್ಕ ಮುಂದೆ ಬಗ್ಗಿ ಎರಡೂ ಅಂಗೈಗಳನ್ನು ಹಲಗೆಯ ಮೇಲಿಟ್ಟು ಬಿರುಕಿನ ಗುಂಟ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ಎಳೆದರು.

"ಇದನ್ನ ಹಾಳು ಮಾಡಿದ್ದು ನಾನು," ಎಂದರು ಇಂಗ್ಲಿಷಿನಲ್ಲಿ. "ಕ್ಷಮೆ ಕೇಳೋಕೆ ಬಂದಿದೀನಿ. ನಿಮ್ಮಜ್ಜಿ ಇದ್ದಾಗ ಬರಬೇಕಿತ್ತು."

ಅವಳು ಹುಬ್ಬು ಗಂಟಿಕ್ಕಿದಳು. "ಹಾಳಾ? ಅಜ್ಜಿ ಯಾವತ್ತೂ ಹಾಗೆ ಹೇಳಲಿಲ್ಲ. ಮೇಲಿನ ಕೋಣೆಯ ವಿಜ್ಞಾನಿ ಹುಡುಗಿ ವಿಮಾನದ ಅಂಟು ಹಾಕಿದಾಳೆ, ಭೂಕಂಪ ಬಂದರೂ ಅಲ್ಲಾಡಲ್ಲ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದಳು."

"ಬಿರುಕು?"

"ಬಿರುಕನ್ನೂ ತೋರಿಸುತ್ತಿದ್ದಳು. ಅಂಟು ಎಷ್ಟು ಗಟ್ಟಿ ಅಂದರೆ ಮರವೇ ಸೋತಿತು ಅನ್ನುತ್ತಿದ್ದಳು."

ಅಕ್ಕನ ದನಿ ಸಣ್ಣದಾಯಿತು. "ಮತ್ತೆ ಬಟ್ಟೆ ಯಾಕೆ ಹಾಸಿದ್ರು?"

"ಕಸೂತಿ ಬಟ್ಟೆಯಾ? ಸೀಳಿನೊಳಗೆ ಸಾಸ್ ಇಳಿದರೆ ತೊಳೆಯೋಕಾಗಲ್ಲ ಅಂತ. ನಾವು ಮಕ್ಕಳು ಚೆಲ್ಲುತ್ತಿದ್ದೆವು."

ನಾನು ಅಕ್ಕನ ಕಡೆ ನೋಡಲಿಲ್ಲ. ನೋಡಬಾರದೆನ್ನಿಸಿತು. ಅಂಗಳದಲ್ಲಿ ಆಡೊಂದು ಬೇಲಿಗೆ ಕೊಂಬು ತಿಕ್ಕುತ್ತಿತ್ತು, ಅದನ್ನೇ ನೋಡುತ್ತ ನಿಂತೆ.

ಮೇಜನ್ನು ದುರಸ್ತಿಗೆ ಕೊಡಿ ಎಂದು ಕೇಳಿದಾಗ ಮೊಮ್ಮಗಳು ತಲೆಯಾಡಿಸಿದಳು. ಬೇಡ. ಅಜ್ಜಿಯ ಕಥೆ ಇರುವುದೇ ಆ ಬಿರುಕಿನಲ್ಲಿ, ಅದನ್ನು ಮುಚ್ಚಿಬಿಟ್ಟರೆ ತನಗೇನು ಉಳಿಯಿತು ಎಂದಳು. ಅದೂ ನ್ಯಾಯವಾದ ಮಾತೇ. ಅಕ್ಕ ವಾದಿಸಲಿಲ್ಲ. ಆದರೆ ಹೊರಡುವ ಮುಂಚೆ ಅವಳನ್ನು ಮೇಜಿನ ಅಡಿಗೆ ಬಗ್ಗಿಸಿ, ಅಡ್ಡಪಟ್ಟಿಯ ಪಕ್ಕ ಹೊಸದಾಗಿ ಕೂದಲೆಳೆಯಷ್ಟು ಶುರುವಾಗಿದ್ದ ಇನ್ನೊಂದು ಸೀಳನ್ನು ಅವಳ ಬೆರಳಿಗೆ ಮುಟ್ಟಿಸಿದರು. "ಹಳೆ ಬಿರುಕನ್ನ ನಾನು ಮುಟ್ಟಲ್ಲ. ನನ್ನ ಅಂಟನ್ನ ಮಾತ್ರ ತೆಗೀತೀನಿ. ಇಲ್ಲದಿದ್ರೆ ಇದು ಒಡೀತಾನೇ ಹೋಗತ್ತೆ."

ಅವಳು ಅಡಿಯಿಂದ ಎದ್ದು, ಮಂಡಿ ಒರೆಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, "ಬಿರುಕು ಹಾಗೇ ವಾಪಸ್ ಬರಬೇಕು," ಎಂದಳು. ಮೂವರೂ ಸೇರಿ ಮೇಜನ್ನು ನನ್ನ ಕಾರಿಗೆ ಹಾಕಿದೆವು. ಮುಕಿಲ್ಟಿಯೊ ತಲುಪುವವರೆಗೆ ಅಕ್ಕ ಒಂದೇ ಮಾತು ಆಡಿದ್ದು. "ಸಾಸ್ ಅಂತೆ ಕಣೆ!" ಎಂದು ನಗಲು ಹೋಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕೆಲಸ ಇಡೀ ಚಳಿಗಾಲ ಹಿಡಿಯಿತು. ಎಪಾಕ್ಸಿಗೆ ಹದವಾಗಿ ಬಿಸಿ ಮುಟ್ಟಿಸಿದರೆ ಸ್ವಲ್ಪ ಮೆದುವಾಗುತ್ತದೆ. ಆ ಗಳಿಗೆಯಲ್ಲಿ ಕಾಗದದಷ್ಟು ತೆಳು ಅಲಗನ್ನು ಒಳಗೆ ನುಗ್ಗಿಸಬೇಕು. ಹೆಚ್ಚು ಬಿಸಿಯಾದರೆ ಮರ ಸುಡುತ್ತದೆ, ಕಡಿಮೆಯಾದರೆ ತುಂಡು ಒಡೆಯುತ್ತದೆ. ನಾನು ಅವರ ಕಣ್ಣು, ಅವರು ನನ್ನ ಬೆರಳು. ನೆಲದಲ್ಲಿ ತಲೆಕೆಳಗಾಗಿ ಮಲಗಿದ ಮೇಜಿನ ಸುತ್ತ ಇಬ್ಬರೂ ಚಾಪೆ ಹಾಸಿಕೊಂಡು ಕೂತಿರುತ್ತಿದ್ದೆವು. ಅಡ್ಡಪಟ್ಟಿಗಳು ಬಿಡಲು ಆರು ಶನಿವಾರ ಬೇಕಾಯಿತು. ಎರಡನೆಯ ಪಟ್ಟಿ ಬಿಟ್ಟುಕೊಂಡಾಗ ಹಲಗೆಯಿಂದ ಮೆಲ್ಲನೆ ಒಂದು ಸದ್ದು ಬಂತು. ಅಕ್ಕ ಅದರ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು. ಆ ದಿನ ಮತ್ತೇನೂ ಕೆಲಸ ಮಾಡಲಿಲ್ಲ.

ಆಮೇಲೆ ಮೇಲಿನ ತುಂಡುಗಳು. ಆ ಕೆಲಸದ ಮೂರನೆಯ ವಾರ, ವಾದ್ಯ ಹಿಡಿದ ಹುಡುಗಿಯ ಮುಖದ ಅಡಿಗೆ ನಾನು ಅಲಗು ತೂರಿಸಿದ್ದೆ. ಸಲೀಸಾಗಿ ಬರುತ್ತಿದೆ ಎಂದುಕೊಂಡು ಒಂದಿಷ್ಟು ಜೋರು ಮಾಡಿದೆ. ಮುಖ ನಾಲ್ಕು ಚೂರಾಗಿ ಸಿಡಿಯಿತು. ನೂರು ವರ್ಷ ಬಾಳಿದ್ದ ಕಿತ್ತಳೆ ಮರದ, ಹೆಬ್ಬೆರಳಿನ ಉಗುರಷ್ಟು ಮುಖ. ನನಗೆ ಅಳು ಒತ್ತರಿಸಿ ಬಂತು.

"ಏನಾಯ್ತು?" ಎಂದರು ಅಕ್ಕ. ಅವರಿಗೆ ಕಂಡಿರಲಿಲ್ಲ. ಹೇಳಬೇಕಾಯಿತು. ಹೇಳಿದೆ.

ಅವರು ಕೈ ಚಾಚಿ, ಮುಖವಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಸರಿ. ನನಗೆ ಚೆನ್ನಾಗೇ ಇದೆ ಅಂತ ಹೇಳೋಕೆ ಬರಲ್ಲ. ಒಡೆದಿದೆ, ನೀನು ಒಡೆದಿದೀಯ. ಈಗ ಚೂರು ಆರಿಸಿಡು, ಅಳೋದು ಆಮೇಲೆ. ಹೊಸ ಮುಖ ನೀನೇ ಕೊಯ್ಯಬೇಕು."

"ನಾನಾ? ನನಗೆ ಗರಗಸ ಹಿಡಿಯೋಕೇ ಬರಲ್ಲ ಅಕ್ಕ."

"ನನಗೆ ಗೆರೆ ಕಾಣಲ್ಲ. ಇಬ್ರಲ್ಲಿ ಯಾರಿಗೆ ಬೇಗ ಬರತ್ತೆ ಹೇಳು."

ಡುವಾಲಿಗೆ ಫೋನ್ ಮಾಡಿ ಆದದ್ದನ್ನು ತಿಳಿಸಿದೆವು. ಮೊಮ್ಮಗಳು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಿಂದಿನ ವರ್ಷದ ಚಳಿಗಾಲದಲ್ಲಿ ಸವರಿ ಒಣಗಲು ಇಟ್ಟಿದ್ದ ಪೇರ್ ಮರದ ಕೊಂಬೆಯೊಂದನ್ನು ತಂದುಕೊಟ್ಟು ಹೋದಳು. ಅಕ್ಕ ಅದರಿಂದ ತೆಳುಪದರ ಸೀಳಿಸಿದರು. ದಾರದಷ್ಟು ತೆಳುವಾದ ಅಲಗಿನ ಗರಗಸದಲ್ಲಿ ನಾನು ಹನ್ನೊಂದು ಮುಖ ಕೊಯ್ದೆ. ಮೊದಲ ಐದು ಆಲೂಗಡ್ಡೆಯಂತಿದ್ದವು. ಅಕ್ಕ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತು ಗರಗಸದ ಸದ್ದನ್ನಷ್ಟೇ ಕೇಳುತ್ತಿದ್ದರು. "ಕೀರಲು ದನಿ ಬಂತು, ನೂಕ್ತಿದೀಯ. ಅದರ ಪಾಡಿಗೆ ಬಿಡು. ತಿರುವಿನಲ್ಲಿ ಮರ ತಿರುಗಿಸು, ಗರಗಸ ತಿರುಗಿಸ್ಬೇಡ." ಹನ್ನೊಂದನೆಯದನ್ನು ಬೆರಳಿನ ತುದಿಯಲ್ಲಿ ಬಹಳ ಹೊತ್ತು ಆಡಿಸಿ, "ಮೂಗು ಇದೆ," ಎಂದರು. ಅವರ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಅದು. ಆಮೇಲೆ ಬಾಣಲೆಯಲ್ಲಿ ಮರಳು ಕಾಯಿಸಿ, ಆ ಮುಖದ ಒಂದು ಅಂಚನ್ನು ಇಕ್ಕಳದಿಂದ ಅದರಲ್ಲಿ ಅದ್ದಿ, ಕೆನ್ನೆಗೆ ನೆರಳು ಕೊಟ್ಟರು. ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ವಾಸನೆಯಿಂದಲೇ ತಿಳಿದರು.

ಏಪ್ರಿಲ್‌ನಲ್ಲಿ ತುಂಡುಗಳನ್ನೆಲ್ಲ ಸರೇಸಿನಿಂದ ಮತ್ತೆ ಕೂರಿಸಿ, ಪಟ್ಟಿಗಳನ್ನು ಮೊದಲಿನಂತೆ ಸಡಿಲವಾಗಿ ಹಾಕಿ, ಮೇಜನ್ನು ವಾಪಸ್ ಕೊಟ್ಟೆವು. ಬಿರುಕು ಇದ್ದ ಹಾಗೇ ಇತ್ತು. ಮೊಮ್ಮಗಳು ನೋಡುವ ಮುಂಚೆಯೇ ಅಕ್ಕ ಅವಳ ಬೆರಳನ್ನು ಹಿಡಿದು ಆ ಮುಖದ ಮೇಲಿಟ್ಟು, "ಇದು ಹೊಸದು, ನಿಮ್ಮ ಮರದ್ದು. ಇವಳು ಒಡೆದಳು, ಇವಳೇ ಮಾಡಿದಳು," ಎಂದು ನನ್ನ ಕಡೆ ತೋರಿಸಿದರು. ನಾನು ನೆಲ ನೋಡಿದೆ. ಅವಳು ಮುಖವನ್ನು ಹತ್ತಿರದಿಂದ ನೋಡಿ, "ಇವಳು ಉಳಿದವರಿಗಿಂತ ಸ್ವಲ್ಪ ಗಾಬರಿಯಾಗಿದ್ದಾಳೆ," ಎಂದಳು. ಮೂವರೂ ನಕ್ಕೆವು. ಅದೇ ಮೇಜಿನ ಮೇಲೆ ಅವಳು ಬ್ರೆಡ್ಡು, ಆಡಿನ ಹಾಲಿನ ಚೀಸು ತಂದಿಟ್ಟಳು. ಅಕ್ಕ ಎರಡು ಸಲ ಹಾಕಿಸಿಕೊಂಡು ತಿಂದರು. ಹಾಗೆ ತಿಂದದ್ದನ್ನು ನಾನು ಮೊದಲ ಸಲ ನೋಡಿದ್ದು.

ಅದಾದ ಮೇಲೆ ಅವರು ಹೊಸ ಕೆಲಸ ಯಾವುದನ್ನೂ ಒಪ್ಪಿಕೊಳ್ಳಲಿಲ್ಲ. ದೃಷ್ಟಿ ಪೂರ್ತಿ ಹೋಗುವ ಮುಂಚೆ ಗ್ಯಾರೇಜಿನ ಮರಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟು ಹೆಸರು ಹೇಳಿಸಿದರು. ಅವರ ಹೃದಯ ನಿಂತದ್ದು ಒಂದು ಜೂನ್ ಬೆಳಿಗ್ಗೆ, ಅಡುಗೆಮನೆಯಲ್ಲಿ, ಕಾಫಿ ಡಿಕಾಕ್ಷನ್ ಇಳಿಯುತ್ತಿದ್ದಾಗ.

ಈ ಜನವರಿಯಲ್ಲಿ ನಮ್ಮ ಕಡೆ ಎರಡು ವಾರ ಮಳೆಯೇ ಇಲ್ಲದೆ ಒಣ ಚಳಿ ಬಿತ್ತು. ಮನೆಮನೆಯಲ್ಲೂ ಹೀಟರ್ ಬಿಡುವಿಲ್ಲದೆ ಓಡಿತು. ಒಂದು ಮಧ್ಯಾಹ್ನ ಡುವಾಲಿನಿಂದ ಫೋನ್. ಮೊಮ್ಮಗಳ ದನಿಯಲ್ಲಿ ಹೆದರಿಕೆಯಿತ್ತು.

"ಒಂದು ತುಂಡು ಎದ್ದು ಬಂದಿದೆ. ಕುಣಿಯುವವನ ಒಂದು ಬೂಟು. ನಾನೇನೂ ಮಾಡಲಿಲ್ಲ."

"ಒಡೆದಿದೆಯಾ?"

"ಇಲ್ಲ. ಇಡಿಯಾಗಿದೆ. ನನ್ನ ಅಂಗೈಯಲ್ಲೇ ಇದೆ."

"ಹಲಗೆ? ಹೊಸ ಬಿರುಕು ಏನಾದರೂ?"

ಅವಳು ಫೋನನ್ನು ಪಕ್ಕಕ್ಕಿಟ್ಟು ಹೋಗಿ, ಅಡಿಯಲ್ಲಿ ಬಗ್ಗಿ ನೋಡಿ ಬಂದಳು. "ಇಲ್ಲ. ಒಂದೂ ಇಲ್ಲ."

ಈ ಸಲ ಸೋತದ್ದು ಅಂಟು, ಮರವಲ್ಲ. ಮುಕಿಲ್ಟಿಯೊದ ನಂಬರು ಒತ್ತಲು ಬೆರಳು ತಾನಾಗಿ ಹೋಯಿತು. ಅರ್ಧಕ್ಕೆ ನಿಲ್ಲಿಸಿದೆ.

ಅಕ್ಕನ ಗ್ಯಾರೇಜಿನಿಂದ ನನಗೆ ಬಂದಿದ್ದ ಬಾಟಲಿ ಬಿಸಿ ಮಾಡುವ ಯಂತ್ರ, ಸರೇಸಿನ ಹರಳುಗಳು, ಒಂದು ಬ್ರಶ್ ತೆಗೆದುಕೊಂಡು ಡುವಾಲಿಗೆ ಹೋದೆ. ಬಯಲಿನ ಹೊಲಗಳೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ್ದವು. ಬೂಟಿನ ತುಂಡನ್ನು ತಿರುಗಿಸಿ ನೋಡಿದೆ, ಅಂಚೆಲ್ಲ ಶುದ್ಧ. ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಹೊಸದನ್ನು ಸವರಿ, ತುಂಡನ್ನು ಅದರ ಜಾಗಕ್ಕೆ ಕೂರಿಸಿ, ಅಂಗೈಯ ಬುಡದಿಂದ ಒತ್ತಿ ಹಿಡಿದೆ.

"ಎಷ್ಟು ಹೊತ್ತು?" ಎಂದಳು ಮೊಮ್ಮಗಳು.

"ತಣ್ಣಗಾಗಿ ಕಚ್ಚುವ ತನಕ. ಆಮೇಲೆ ಭಾರ ಇಟ್ಟರೆ ಸಾಕು."

ಅವಳು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಳು. ಅಕ್ಕ ತೀರಿಕೊಂಡದ್ದನ್ನು ನಾನು ಅವಳಿಗೆ ಫೋನಿನಲ್ಲಿ ಎರಡೇ ಮಾತಿನಲ್ಲಿ ತಿಳಿಸಿದ್ದೆ. ಈಗ ಪೂರ್ತಿ ಕೇಳಿದಳು. ನಾನು ಡ್ರಾಯರ್ ಮೂಸಿದ್ದರಿಂದ ಶುರುಮಾಡಿದೆ. ಸಭೆಯಲ್ಲಿ ಹೇಳಲಾಗದ್ದನ್ನೆಲ್ಲ, ಬಗ್ಗಿ ಕೂತ ಭಂಗಿಯಲ್ಲೇ, ಕೈ ತೆಗೆಯದೆ ಹೇಳುತ್ತ ಹೋದೆ. ಮಧ್ಯೆ ನನ್ನ ತೋಳು ಸೋಲತೊಡಗಿದಾಗ ಅವಳು ಸ್ಟೂಲನ್ನು ಹತ್ತಿರಕ್ಕೆ ಸರಿಸಿ, ನನ್ನ ಕೈಯ ಪಕ್ಕ ತನ್ನ ಕೈಯಿಟ್ಟು, ಭಾರವನ್ನು ತನ್ನ ಮೇಲೆ ತೆಗೆದುಕೊಂಡಳು.